ಅವನೂ ಇಲ್ಲ

ಮನೆಯಿಂದ,
ಸೋಮವಾರ, ಆಗಸ್ಟ್ ೧೮, ಬೆಳಿಗ್ಗೆ

ಪ್ರೀತಿಯ ಮಗನಿಗೆ,

ಅಮ್ಮನ ಆಶೀರ್ವಾದ. ಹೇಗಿದ್ದೀಯ? ಬಿಸಿ ಪೈಪು ತಾಗಿ ಮೊಣಕೈ ಸುಟ್ಟುಕೊಂಡೆ ಎಂದು ಬರೆದಿದ್ದೆಯಲ್ಲ, ಗಾಯ ಒಣಗಿತೇ? ಒಣಗಿತು ಎಂದು ಸುಮ್ಮನೆ ಬರೆಯಬೇಡ. ಚಿಕ್ಕವನಿದ್ದಾಗಲೂ ನೀನು ಹಾಗೇ, ಮಂಡಿಯಿಂದ ರಕ್ತ ಸೋರುತ್ತಿದ್ದರೂ ಏನೂ ಆಗಿಲ್ಲ ಎಂದು ಪ್ಯಾಂಟು ಎಳೆದುಕೊಂಡು ನಿಲ್ಲುತ್ತಿದ್ದೆ. ಎಂಜಿನ್ ಕೋಣೆಯ ಶಾಖಕ್ಕೆ ಹಸಿವೇ ಆಗುವುದಿಲ್ಲ ಎನ್ನುತ್ತೀಯ. ಹಸಿವಾಗಲಿ ಬಿಡಲಿ, ಊಟದ ಹೊತ್ತಿಗೆ ಊಟ ಮಾಡು. ಇಷ್ಟು ದೂರದಿಂದ ಗದರಿಸಿದರೆ ಕೇಳಿಸುವುದಿಲ್ಲವೆಂದು ಗೊತ್ತು, ಆದರೂ ಗದರಿಸದೆ ಇರಲಾರೆ. ನಾನು ಚೆನ್ನಾಗಿದ್ದೇನೆ. ಎಡಕಿವಿ ಇನ್ನಷ್ಟು ಮಂದವಾಗಿದೆ. ಅಷ್ಟು ವರ್ಷ ಆಸ್ಪತ್ರೆಯ ಫೋನಿಗೆ ಅಂಟಿಕೊಂಡು ಊರಿನವರ ಗೋಳನ್ನೆಲ್ಲ ಕೇಳಿದ ಕಿವಿ ಅದು, ಈಗ ತಾನಾಗಿಯೇ ನಿವೃತ್ತಿ ತೆಗೆದುಕೊಂಡಿದೆ. ಬಲಕಿವಿ ಇನ್ನೂ ಡ್ಯೂಟಿಯಲ್ಲಿದೆ.

ನವೆಂಬರಿಗೆ ಕರಾರು ಮುಗಿಯುತ್ತದೆ, ಬರುತ್ತೇನೆ, ಈ ಸಲ ಒಂದು ವಾರ ಬರೀ ಮಲಗುತ್ತೇನೆ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನಾಲ್ಕು ವರ್ಷವಾಯಿತು ನಿನ್ನ ಮುಖ ನೋಡಿ. ಅದರ ಮಾತು ಆಮೇಲೆ ಆಡುತ್ತೇನೆ, ಮೊದಲು ನಿನ್ನ ಮಗಳ ಸುದ್ದಿ ಹೇಳಬೇಕು. ಇದು ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಕಾಗದ. ನಿನ್ನ ಹಡಗು ಯಾವ ಬಂದರಿನಲ್ಲಿದೆಯೋ ತಿಳಿಯದು, ಕಂಪನಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಸಿಕ್ಕಾಗ ಸಿಗಲಿ.

ಇಲಿಮರಿಗೆ ಪಶುವೈದ್ಯದಲ್ಲಿ ಸೀಟು ಸಿಕ್ಕಿತು ಎನ್ನುವವರೆಗೆ ನಿನಗೆ ಗೊತ್ತು. ಸರ್ಕಾರಿ ವಿಶ್ವವಿದ್ಯಾಲಯ ಅಲ್ವಾ ಅಮ್ಮ, ಖರ್ಚೇನು ಮಹಾ ಆಗುತ್ತೆ ಎಂದು ನೀನು ಕೇಳಿದ್ದೆ. ನಾನೂ ಹಾಗೇ ತಿಳಿದು ಹಿಗ್ಗಿದ್ದೆ. ಫೀಸು ನಿಜಕ್ಕೂ ಕಡಿಮೆಯೇ. ಅದನ್ನು ನೋಡಿದ ದಿನ ನಾನು ಅಂಗಡಿಗೆ ಹೋಗಿ ಅವಳಿಗೆ ಹೊಸ ಚಪ್ಪಲಿ ತಂದೆ, ಅಷ್ಟು ಧೈರ್ಯ ಬಂದಿತ್ತು. ಆಮೇಲೆ ಅವಳು ಹಾಸ್ಟೆಲಿನಲ್ಲಿರುವ ಮೂರನೇ ವರ್ಷದ ಹುಡುಗಿಯೊಬ್ಬಳನ್ನು ಹಿಡಿದು ನಿಜವಾದ ಖರ್ಚು ಕೇಳಿಕೊಂಡು ಬಂದಳು. ದನಕರುಗಳ ಆರೈಕೆಗೆ ಹೊತ್ತು ಗೊತ್ತಿಲ್ಲದ ಕಾರಣ ಮೊದಲ ವರ್ಷದಿಂದಲೇ ಹಾಸ್ಟೆಲು ಕಡ್ಡಾಯವಂತೆ. ಹಾಸ್ಟೆಲು ಅಂದಮೇಲೆ ಮೆಸ್ಸು, ಮೆಸ್ಸಿಗೆ ಮುಂಗಡ. ಲ್ಯಾಬಿನ ಶುಲ್ಕ ಬೇರೆ, ಅಲ್ಲಿ ಒಡೆದದ್ದಕ್ಕೆ ಠೇವಣಿ ಬೇರೆ, ಏನೂ ಒಡೆಯದಿದ್ದರೂ. ಕೊಯ್ದು ನೋಡುವ ಸಲಕರಣೆಗಳ ಪೆಟ್ಟಿಗೆ, ಬಿಳಿ ಕೋಟು, ಗಂಬೂಟು, ಹೆಗಲವರೆಗೆ ಬರುವ ಕೈಗವಸು. ಪುಸ್ತಕದ ಮಾತು ಕೇಳಲೇಬೇಡ, ಒಂದೊಂದೂ ತಲೆದಿಂಬಿನಷ್ಟು ದಪ್ಪ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಪೆನ್ಸಿಲ್ಲಿನ ತುದಿ ಕಡಿಯುತ್ತ (ಆ ಅಭ್ಯಾಸಕ್ಕೇ ತಾನೇ ನೀನು ಅವಳಿಗೆ ಇಲಿಮರಿ ಎಂದು ಹೆಸರಿಟ್ಟದ್ದು) ಎಲ್ಲವನ್ನೂ ಕೂಡಿಸಿದಳು. ಕೈಗವಸನ್ನು ತೊಳೆದು ಮತ್ತೆ ಬಳಸಬಹುದು ಎಂದು ಒಂದು ಸಾಲು ಹೊಡೆದುಹಾಕಿದಳು. ಬೆಳಗಿನ ತಿಂಡಿ ಬೇಡ ಎಂದರೆ ಮೆಸ್ಸಿನಲ್ಲಿ ಎಷ್ಟು ಬಿಡುತ್ತಾರೆ ಎಂದು ಪಕ್ಕದಲ್ಲಿ ಬರೆದಿದ್ದಳು. ಆ ಸಾಲನ್ನು ನಾನು ಹೊಡೆದುಹಾಕಿದೆ. ನನ್ನ ಪಿಂಚಣಿಯನ್ನು ಪೂರ್ತಿ ಸುರಿದು, ನೀನು ಕಳಿಸುವುದನ್ನೂ ಸುರಿದು, ನಾನು ಗಾಳಿ ಕುಡಿದು ಬದುಕಿದರೂ ಒಂದು ವರ್ಷಕ್ಕೆ ಸಾಲುತ್ತಿರಲಿಲ್ಲ. ಓದಬೇಕಾದದ್ದು ಐದು ವರ್ಷ.

ವಿದ್ಯಾರ್ಥಿವೇತನ ಹುಡುಕಲು ಹೊರಟೆವು. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಉದ್ದನೆಯ ಒಂದು ಕಾರಿಡಾರು, ಗೋಡೆಯ ತುಂಬ ಸೂಚನಾ ಫಲಕ, ಗಾಜಿನ ಹಿಂದೆ ಹಳದಿ ತಿರುಗಿದ ಕಾಗದಗಳು. ನಮ್ಮಂಥವರು ಕತ್ತು ನೀವಿಕೊಳ್ಳುತ್ತ ಓದುತ್ತಾರೆ, ಕೆಳಗಿನ ಸಾಲಿನವು ಕಾಣದೆ ಬಗ್ಗುತ್ತಾರೆ. ಹೆಚ್ಚು ಅಂಕದವರಿಗೆ ಕೊಡುವುದು ಅವಳಿಗಿಂತ ಕೂದಲೆಳೆ ಮುಂದಿದ್ದವರಿಗೆ ಹೋಗಿತ್ತು. ಆಟಗಾರರಿಗೆ ಒಂದಿತ್ತು, ನಮ್ಮವಳು ಬಸ್ಸಿನ ಹಿಂದೆ ಓಡುವುದು ಬಿಟ್ಟರೆ ಬೇರೆ ಆಟ ಆಡಿದವಳಲ್ಲ. ಬ್ಯಾಂಕಿನವರು ಜಾಮೀನಿಗೆ ಸ್ವಂತ ಮನೆ ಇದೆಯೇ ಎಂದರು. ಉಳಿದದ್ದು ಕಡಿಮೆ ವರಮಾನದವರದು, ಅದು ಖಂಡಿತ ನಮಗೇ ಎಂದುಕೊಂಡಿದ್ದೆ. ನಿನ್ನ ಸಂಬಳದ ಚೀಟಿ ಕೇಳಿದರು, ನೋಡಿ ವಾಪಸು ಕೊಟ್ಟರು. ಅದರಲ್ಲಿ ಏಜೆಂಟನದು, ಊಟದ್ದು, ಸಮವಸ್ತ್ರದ್ದು ಎಂದು ಕಳೆದು ಕಳೆದು ಕೊನೆಗೆ ಉಳಿಯುವುದೆಷ್ಟು ಎಂದು ನಿನಗೇ ಗೊತ್ತು. ಅಲ್ಲಿದ್ದವನು ಒಳ್ಳೆಯವನೇ, ಬೇಜಾರಿನಿಂದಲೇ ಹೇಳಿದ. “ನಾವು ನೋಡೋದು ಮೇಲಿನ ಸಾಲು ಅಜ್ಜಿ, ಕೆಳಗಿನ ಸಾಲಲ್ಲ.” ಮೇಲಿನ ಸಾಲಿನ ಪ್ರಕಾರ ನೀನು ಅನುಕೂಲಸ್ಥ. ಇಷ್ಟು ವರ್ಷಕ್ಕೆ ನಿನ್ನನ್ನು ಯಾರಾದರೂ ಹಾಗೆ ಕರೆದರಲ್ಲ ಎಂದು ನಾನು ನಗಾಡಿದೆ. ಹುಡುಗಿ ನಗಲಿಲ್ಲ.

ಈಗ ಹೇಳುವುದನ್ನು ಸಮಾಧಾನವಾಗಿ ಓದು. ಕೂತುಕೊಂಡು ಓದು.

ಮೂರನೆಯ ಸಲ ಹೋದಾಗ ಕಿಟಕಿಯಲ್ಲಿ ಬೇರೆ ಗುಮಾಸ್ತೆ ಇದ್ದಳು. ನೆಗಡಿಯಾಗಿ ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಳು, ತಲೆ ಎತ್ತದೆ ಕೇಳುತ್ತ ಬರೆದುಕೊಳ್ಳುತ್ತಿದ್ದಳು. “ತಾಯಿ ಇದ್ದಾರಾ?” ಎಂದಳು. ಇಲ್ಲ, ಎಂದೆ. ಸೊಸೆ ಹೋಗಿ ಇಷ್ಟು ವರ್ಷವಾದರೂ ಆ ಮಾತು ಹೇಳುವಾಗ ನನ್ನ ದನಿ ತಗ್ಗುತ್ತದೆ, ಅವತ್ತೂ ತಗ್ಗಿತು. “ತಂದೆ?” ಎಂದಳು. “ಅವನೂ ಇಲ್ಲಮ್ಮ, ನಾವಿಬ್ಬರೇ ಇರೋದು,” ಎಂದೆ. ಅಷ್ಟೇ ಕಣೋ ನಾನು ಹೇಳಿದ್ದು. ಮೀಟರು ನೋಡುವವನಿಗೂ ಗ್ಯಾಸಿನವನಿಗೂ ವೋಟು ಕೇಳಲು ಬಂದವರಿಗೂ ಬಾಗಿಲಲ್ಲಿ ನಿಂತು ನಾನು ಹೇಳುವುದು ಅದನ್ನೇ, ಮಗ ಇಲ್ಲ, ನಾವಿಬ್ಬರೇ. ಅವಳು ತಲೆ ಎತ್ತಿದಳು. ಏನು ಕೆಲಸದಲ್ಲಿದ್ದರು ಎಂದು ಕೇಳಿದಾಗ ಹುಡುಗಿ ಹಡಗಿನಲ್ಲಿ ಎಂದಳು. “ಸಮುದ್ರದ ಮೇಲೇ ಹೋದ್ರಾ?” ಎಂದು ಮೆತ್ತಗೆ ಕೇಳಿದಳು. “ಹೌದು, ಸಮುದ್ರದ ಮೇಲೇ ಹೋದ, ನಾಲ್ಕು ವರ್ಷ ಆಯ್ತು,” ಎಂದೆ. ನಾನು ಆಡಿದ ಒಂದೊಂದು ಮಾತೂ ನಿಜ. ಅವಳು ಮುಂದಿದ್ದ ಅರ್ಜಿಯನ್ನು ಬದಿಗಿಟ್ಟು ಮೇಜಿನ ಖಾನೆಯಿಂದ ಬೇರೊಂದು ತೆಗೆದಳು. ಇದರ ವಿಷಯ ಫಲಕದಲ್ಲಿ ಹಾಕುವುದಿಲ್ಲವಂತೆ, ಹಾಕಿದರೆ ಜನ ಸುಳ್ಳು ಹೇಳಿಕೊಂಡು ಬರುತ್ತಾರಂತೆ. ಫೀಸು, ಹಾಸ್ಟೆಲು, ಮೆಸ್ಸು, ಪುಸ್ತಕ, ಐದು ವರ್ಷಕ್ಕೂ ಸೇರಿ. ಸಮುದ್ರದಲ್ಲಿ ಆದದ್ದಕ್ಕೆ ಸರ್ಟಿಫಿಕೇಟು ಸಿಗುವುದು ಕಷ್ಟ ಎಂದು ತಮಗೂ ಗೊತ್ತು, ಅಜ್ಜಿಯದೊಂದು ಹೇಳಿಕೆ ಮತ್ತು ನೆರೆಯವರಿಬ್ಬರ ಸಹಿ ಸಾಕು ಎಂದಳು. ಆಗಲೂ ನನಗೆ ಹೊಳೆಯಲಿಲ್ಲ. ಅವಳಿಗೆ ನೆಗಡಿ, ನನಗೆ ಮಂದ ಕಿವಿ, ಹಿಂದೆ ಸಾಲು ತಳ್ಳುತ್ತಿತ್ತು. ಸರ್ಟಿಫಿಕೇಟು ಅಂದದ್ದನ್ನು ನಾನು ನಿನ್ನ ಸಂಬಳದ ಸರ್ಟಿಫಿಕೇಟು ಎಂದೇ ತಿಳಿದೆ, ಅದರ ಕಾಟ ತಪ್ಪಿತಲ್ಲ ಎಂದು ಸಂತೋಷಪಟ್ಟೆ. ಪುಣ್ಯ ಬರಲಿ ನಿನಗೆ ಎಂದು ಆ ಹೆಂಗಸನ್ನು ಹರಸಿ ಬಂದೆ.

ಈ ತಪ್ಪು ಬೇರೆ ಯಾರಿಗಾದರೂ ಆಗಬಹುದು, ನನಗೆ ಮಾತ್ರ ಆಗಬಾರದಿತ್ತು. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಮೇಲ್ವಿಚಾರಕಿ ಹೇಳಿಕೊಟ್ಟದ್ದೇ ಇದನ್ನು. “ಈ ಬೋರ್ಡಿನ ಮುಂದೆ ಇಲ್ಲ ಅನ್ನೋ ಮಾತು ಇಲ್ಲ.” ಯಾವನೋ ಒಬ್ಬ ತನ್ನ ಅಪ್ಪ ಹೇಗಿದ್ದಾರೆ ಎಂದು ಫೋನು ಮಾಡಿದ್ದನಂತೆ, ಹೊಸ ಹುಡುಗಿ ವಾರ್ಡಿಗೆ ಕೇಳಿ ನಿಮ್ಮಪ್ಪ ಇಲ್ಲ ಎಂದಳಂತೆ, ಅತ್ತ ಅವನು ನೆಲಕ್ಕೆ ಬಿದ್ದ ಸದ್ದು ಇತ್ತ ಕೇಳಿಸಿತಂತೆ. ಅಪ್ಪ ಎಕ್ಸ್-ರೇಗೆ ಹೋಗಿದ್ದರು, ಅಷ್ಟೇ. ಅಂದಿನಿಂದ ನಾವೆಲ್ಲ ಎಕ್ಸ್-ರೇಗೆ ಹೋಗಿದ್ದಾರೆ, ಬೇರೆ ವಾರ್ಡಿಗೆ ಹೋಗಿದ್ದಾರೆ, ಮನೆಗೆ ಹೋದರು ಎಂದೇ ಹೇಳಬೇಕಿತ್ತು. ಆಮೇಲೆ ಬಂದ ಹುಡುಗಿಯರಿಗೆ ಅದನ್ನು ಕಲಿಸಿದವಳು ನಾನು, ನಾಲಿಗೆ ತಪ್ಪಿದವರಿಗೆ ಚಹಾ ಕೊಡಿಸುವ ದಂಡ ಹಾಕುತ್ತಿದ್ದೆ. ಅಂಥವಳು ಸ್ವಂತ ಮಗನ ವಿಷಯದಲ್ಲಿ ಹೋಗಿ ಅದನ್ನೇ ಅಂದೆ. ಬರೀ ಇಲ್ಲ ಎಂದಿದ್ದರೂ ಅವಳು ಮತ್ತೊಮ್ಮೆ ಕೇಳುತ್ತಿದ್ದಳೋ ಏನೋ. ನಾನು ಅವನೂ ಎಂದೆ. ಆ ಒಂದು ‘ನೂ’ ನಿನ್ನನ್ನು ಒಯ್ದು ನಿನ್ನ ಹೆಂಡತಿಯ ಪಕ್ಕದಲ್ಲಿ ಮಲಗಿಸಿತು.

ಕಾರಿಡಾರಿನ ಬೆಂಚಿನ ಮೇಲೆ ಕೂತು ಹುಡುಗಿ ಅರ್ಜಿ ಓದಿದಳು. “ಅಜ್ಜಿ, ಇದು ಅಪ್ಪ ಅಮ್ಮ ಇಬ್ರೂ ತೀರಿಹೋದವರಿಗೆ,” ಎಂದಳು. ಎದ್ದು ಕಿಟಕಿಗೆ ಹೋದೆ, ಅಷ್ಟರಲ್ಲಿ ಊಟದ ಹೊತ್ತೆಂದು ಮುಚ್ಚಿದ್ದರು. ಮುಚ್ಚಿರದಿದ್ದರೆ ಆ ಕ್ಷಣದಲ್ಲಿ ಹೇಳಿಯೇ ಬಿಡುತ್ತಿದ್ದೆ ಎಂದು ನಂಬು, ನಾನಂತೂ ಹಾಗೆ ನಂಬಿಕೊಂಡಿದ್ದೇನೆ. ವಾಪಸು ಬಂದು ಕೂತೆ. ಡಬ್ಬಿ ಬಿಚ್ಚಿ ಹಾಗೇ ಮುಚ್ಚಿದೆವು. ಅವಳು ಚೀಲದಿಂದ ಖರ್ಚಿನ ಅಂದಾಜಿನ ಹಾಳೆ ತೆಗೆದು ನೋಡಿ ಮತ್ತೆ ಮಡಿಸಿ ಇಟ್ಟಳು. ಏನೂ ಹೇಳಲಿಲ್ಲ. ಹೇಳಿದ್ದರೆ ನಾನು ಬಯ್ಯಬಹುದಿತ್ತು. ಕಿಟಕಿ ತೆರೆಯಿತು, ಆ ಶಾಲಿನ ಹೆಂಗಸು ನಮ್ಮನ್ನು ನೋಡಿ ಅಲ್ಲಿಂದಲೇ ತಲೆಯಾಡಿಸಿ ನಕ್ಕಳು. ನಾನು ಏಳಲಿಲ್ಲ, ಹುಡುಗಿಯೂ ಏಳಲಿಲ್ಲ. ಆಮೇಲೆ ಬಸ್ಸು ಹಿಡಿದು ಬಂದೆವು.

ನೆರೆಯವರ ಸಹಿಗೆ ಎರಡು ದಿನ ಹಿಂದೆ ಮುಂದೆ ನೋಡಿದೆ. ಕೆಳಗಿನ ಮನೆಯ ದರ್ಜಿ, ಎದುರುಮನೆಯ ನಿವೃತ್ತ ಕಂಡಕ್ಟರು, ಇಬ್ಬರೂ ಸತ್ಯವಂತರು. ನೀನು ಹೋದ ಮೇಲೆ ತಾನೇ ನಾವು ಈ ಮನೆಗೆ ಬಂದದ್ದು, ಅವರು ನಿನ್ನನ್ನು ಕಂಡವರಲ್ಲ. ಇಂಥ ಸುಳ್ಳಿಗೆ ಸಹಿ ಹಾಕಿ ಎಂದು ಹೇಗೆ ಕೇಳುವುದು ಎಂದು ಒದ್ದಾಡಿದೆ. ಅರ್ಜಿಯನ್ನು ಮುಂದಿಟ್ಟು ಬಾಯಿ ತೆರೆಯುವ ಮೊದಲೇ ಕಂಡಕ್ಟರು ಪೆನ್ನು ತೆಗೆದರು. “ನಮಗೆ ಗೊತ್ತಿಲ್ವಾಮ್ಮ, ನೀವು ಬಂದ ದಿನಾನೇ ಹೇಳಿದ್ರಲ್ಲ, ಮಗ ಇಲ್ಲ ಅಂತ.” ಹಡಗಿನ ಕಂಪನಿಯವರು ಇನ್ನೂ ಪರಿಹಾರ ಕೊಡದೆ ಸತಾಯಿಸುತ್ತಿದ್ದಾರಾ, ಹೊರದೇಶದ ಸ್ಟಾಂಪಿನ ಕಾಗದ ಬರುತ್ತಲೇ ಇರುತ್ತವಲ್ಲ ಎಂದೂ ಕೇಳಿದರು. ಆಗ ನನಗೆ ಒಂದೊಂದಾಗಿ ಅರ್ಥವಾಯಿತು. ದರ್ಜಿ ನನ್ನ ಹತ್ತಿರ ಹೊಲಿಗೆಗೆ ಕಾಸು ತೆಗೆದುಕೊಳ್ಳುವುದಿಲ್ಲ, ಕಂಡಕ್ಟರ ಹೆಂಡತಿ ತನ್ನ ಮಗನ ಬಡ್ತಿಯ ಮಾತು ನಾನು ಬಂದ ಕೂಡಲೆ ನಿಲ್ಲಿಸುತ್ತಾಳೆ, ಗ್ಯಾಸಿನ ಸಿಲಿಂಡರನ್ನು ಯಾರೋ ಒಬ್ಬರು ಹೇಳದೆಯೇ ಮೇಲೆ ತಂದಿಡುತ್ತಾರೆ. ನನ್ನ ವಯಸ್ಸಿಗೆ ಮರ್ಯಾದೆ ಎಂದುಕೊಂಡಿದ್ದೆ. ಮೂರು ವರ್ಷದಿಂದ ಈ ಬೀದಿಯ ಪಾಲಿಗೆ ನೀನು ಸತ್ತವನು ಕಣೋ, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಅರ್ಜಿಯಲ್ಲಿ ನಿನ್ನ ಹೆಸರಿನ ಹಿಂದೆ ಒಂದು ಮಾತು ಸೇರಿಸಬೇಕಿತ್ತು. ಹುಡುಗಿ ಪೆನ್ನು ಹಿಡಿದು ಕೂತಿದ್ದಳು, ಕೈ ಓಡುತ್ತಿರಲಿಲ್ಲ. ಇಲ್ಲಿ ಕೊಡು, ಇದನ್ನು ನೀನು ಬರೆಯಬೇಡ, ಹೆತ್ತವಳು ನಾನು, ನಾನೇ ಬರೆಯುತ್ತೇನೆ ಎಂದು ಕಿತ್ತುಕೊಂಡೆ. ಬರೆದೆ. ನಾಲ್ಕೇ ಅಕ್ಷರ. ನಿನ್ನನ್ನು ಶಾಲೆಗೆ ಸೇರಿಸುವಾಗ ನಿನ್ನ ಹೆಸರನ್ನು ಮೊದಲ ಸಲ ಪೂರ್ತಿ ಬರೆದದ್ದೂ ನಾನೇ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೀರು ಖರ್ಚಾಗುತ್ತಿದೆ ಎಂದು ಬೇಗ ನಿಲ್ಲಿಸಿದೆ. ನಿನಗೆ ಇದನ್ನೆಲ್ಲ ಬರೆಯಬಾರದೇನೋ, ಆದರೆ ನಾನು ಬೇರೆ ಯಾರಿಗೆ ಹೇಳಲಿ?

ತನಿಖೆಗೆಂದು ಒಬ್ಬ ಅಧಿಕಾರಿ ಮನೆಗೆ ಬಂದ. ಬಾಗಿಲ ಹಿಂದೆ ತೂಗುತ್ತಿದ್ದ ನಿನ್ನ ಎರಡು ಅಂಗಿಗಳನ್ನು ಹುಡುಗಿ ಹಿಂದಿನ ದಿನವೇ ತೆಗೆದು ಟ್ರಂಕಿಗೆ ಹಾಕಿದ್ದಳು, ನಾನು ಹೇಳಿರಲಿಲ್ಲ. ಗೋಡೆಯ ಮೇಲೆ ನಿನ್ನದು ಅದೊಂದೇ ಫೋಟೋ, ಡೆಕ್ಕಿನ ಮೇಲೆ ಟೋಪಿ ಹಿಂದುಮುಂದಾಗಿ ಹಾಕಿಕೊಂಡು ಬಾಯಿ ತುಂಬ ನಗುತ್ತಿರುವುದು. “ಇವರೇನಾ?” ಎಂದ. ಇವನೇ, ಎಂದೆ. ಅವನು ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ನೀನು ನಗುತ್ತಲೇ ಇದ್ದೆ. ಚಹಾ ಇಡುತ್ತೇನೆಂದು ಒಳಗೆ ಹೋದವಳು ಒಲೆಯ ಕಟ್ಟೆ ಹಿಡಿದುಕೊಂಡು ನಿಂತುಬಿಟ್ಟೆ. ಅವನು ಚಹಾ ಬೇಡ ಎಂದು ಹೋದ. ಮುಂದಿನ ವಾರ ಮಂಜೂರಾಯಿತು.

ಇಲಿಮರಿ ಹಾಸ್ಟೆಲಿಗೆ ಹೋಗಿ ಎರಡು ವಾರ ಕಳೆಯಿತು. ಕಿಟಕಿಯಿಂದ ಕುದುರೆ ಲಾಯ ಕಾಣುತ್ತದಂತೆ, ವಾಸನೆಗೆ ಮೂಗು ಹೊಂದಿಕೊಂಡಿದೆಯಂತೆ. ಬೆಳಗಿನ ತಿಂಡಿ ತಿನ್ನುತ್ತಿದ್ದಾಳೆ, ಅದನ್ನು ನಾನು ಎರಡೆರಡು ಸಲ ಕೇಳಿ ಖಾತರಿ ಮಾಡಿಕೊಂಡಿದ್ದೇನೆ. ಮೊದಲ ದಿನವೇ ಕರುವೊಂದು ಅವಳ ಬಿಳಿ ಕೋಟಿನ ತುದಿಯನ್ನು ಅಗಿದುಹಾಕಿತಂತೆ, ಇಲಿಮರಿಯ ಕೋಟನ್ನು ಕರು ಕಡಿದದ್ದು ನನಗಂತೂ ನ್ಯಾಯವಾಗಿಯೇ ಕಂಡಿತು. ನಿನಗೆ ಖುಷಿಯಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ ಮಾತಾಡುವಾಗ ಹಿಂದೆ ಗೆಳತಿಯರ ಗಲಾಟೆ ಕೇಳುತ್ತಿತ್ತು. ಕುದುರೆಗಳ ವಿಷಯ ಹೇಳುತ್ತ “ಅಪ್ಪನಿಗೂ ಕುದುರೆ ಅಂದ್ರೆ ಇಷ್ಟ ಇತ್ತು” ಎಂದಳು. ಇದೆ ಎನ್ನಲಿಲ್ಲ, ಇತ್ತು ಎಂದಳು. ಅವಳು ತಿದ್ದಿಕೊಳ್ಳಲಿಲ್ಲ, ಪಕ್ಕದಲ್ಲಿ ಜನ ಇದ್ದರು. ನಾನೂ ತಿದ್ದಲಿಲ್ಲ. ಅವಳಿಗೆ ಇನ್ನು ಹಾಗೇ ರೂಢಿಯಾಗಬೇಕು, ಇಲ್ಲದಿದ್ದರೆ ಎಲ್ಲೋ ಒಂದು ದಿನ ಬಾಯಿ ತಪ್ಪುತ್ತದೆ. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡ. ನಿನ್ನ ಅಂಗಿಗಳಲ್ಲಿ ಒಂದು ಟ್ರಂಕಿನಲ್ಲಿ ಕಾಣುತ್ತಿಲ್ಲ, ಅವಳು ಹಾಸ್ಟೆಲಿಗೆ ಒಯ್ದಿದ್ದಾಳೆ ಎಂದು ನನ್ನ ಊಹೆ. ನಾನು ಕೇಳಿಲ್ಲ.

ಮೈ ಕಡೆ ನೋಡಿಕೋ. ಒಣಗುವವರೆಗೆ ಗಾಯದ ಮೇಲೆ ಎಣ್ಣೆ ಕೈ ಇಡಬೇಡ. ನಿನ್ನ ಕೋಣೆಯಲ್ಲೇ ಮಲಗುವ ಆ ಗೊರಕೆಯ ಅಡುಗೆಯವನಿಗೆ ನನ್ನ ನಮಸ್ಕಾರ ತಿಳಿಸು, ನಿನಗೆ ಬಡಿಸುವಾಗ ಕೈ ಬಿಗಿಹಿಡಿಯಬೇಡ ಎಂದು ನಾನು ಹೇಳಿದೆ ಎನ್ನು. ನೀನಿರುವ ನೀರು ಅಲುಗದೆ ಇರಲಿ, ನಿನ್ನ ತಲೆಗೆ ಏನೂ ತಾಗದಿರಲಿ, ನೂರು ವರ್ಷ ಬಾಳು. ಈ ವರ್ಷ ಇದನ್ನು ಎಂದಿಗಿಂತ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹೆತ್ತವಳು,
ಅಮ್ಮ

ಹೇಳಲು ಮರೆತದ್ದು: ನವೆಂಬರಿಗೆ ಬರಬೇಡ. ಮರೆತದ್ದಲ್ಲ, ಇದೊಂದನ್ನು ಬರೆಯಲಾರದೆ ಬೆಳಿಗ್ಗೆಯಿಂದ ಉಳಿದದ್ದನ್ನೆಲ್ಲ ಬರೆದೆ. ಆ ಅಧಿಕಾರಿ ಪ್ರತಿ ವರ್ಷ ಬರುತ್ತಾನಂತೆ, ಹೇಳದೆ ಬರುತ್ತಾನಂತೆ. ಗೊತ್ತಾದರೆ ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಕೇಳಿ ಹುಡುಗಿಯನ್ನು ಹೊರಗೆ ಹಾಕುತ್ತಾರೆ. ಕಂಪನಿಯವರು ಇನ್ನೊಂದು ಕರಾರು ಕೊಟ್ಟರೆ ಸಹಿ ಹಾಕು, ಅದು ಮುಗಿದರೆ ಮತ್ತೊಂದು. ಅವಳ ಓದು ಮುಗಿಯುವವರೆಗೆ ಈ ಬೀದಿಗೆ ಕಾಲಿಡಬೇಡ, ಕಾಗದವನ್ನು ಆಸ್ಪತ್ರೆಯ ಫೋನ್ ಕೋಣೆಯ ವಿಳಾಸಕ್ಕೆ ಹಾಕು, ಅಲ್ಲಿನ ಹುಡುಗಿ ನನಗಾಗಿ ಎತ್ತಿಡುತ್ತಾಳೆ. ಐದು ವರ್ಷ ನನ್ನ ವಯಸ್ಸಿಗೆ ದೊಡ್ಡದೇ. ನಡುವೆ ಯಾವತ್ತಾದರೂ ಇಲಿಮರಿ ಫೋನು ಮಾಡಿ ಅಜ್ಜಿ ಇಲ್ಲ ಎಂದರೆ, ಆಗಲೂ ಬರಬೇಡ. ಎಕ್ಸ್-ರೇಗೆ ಹೋಗಿದ್ದಾಳೆ ಅಂದುಕೋ.